ನಿಂತು ದಾರಿ ಕೊಟ್ಟವನು

"ಗುರುಗಳೇ, ಅಧಿಕಾರ ಬಿಟ್ಟುಕೊಟ್ಟ ಮೇಲೂ ಜನ ನನ್ನನ್ನು ಕಂಡರೆ ಯಾಕೆ ಗೋಡೆಗೆ ಅಂಟಿ ನಿಲ್ಲುತ್ತಾರೆ?"

ಕೇಳಿದವನು ವಿರೂಪಣ್ಣ. ಹದಿನಾರು ವರ್ಷ ಪೇಟೆಯ ವರ್ತಕರ ಸಂಘಕ್ಕೆ ಅಧ್ಯಕ್ಷನಾಗಿದ್ದವನು. ಈ ಯುಗಾದಿಗೆ ಆ ಸ್ಥಾನವನ್ನು ತನಗಿಂತ ಇಪ್ಪತ್ತು ವರ್ಷ ಚಿಕ್ಕವನೊಬ್ಬನಿಗೆ ತಾನಾಗಿಯೇ ಒಪ್ಪಿಸಿದ್ದ. ಕೇಳಿಸಿಕೊಂಡವರು ಮಹಾಂತಯ್ಯನವರು. ಒಂದು ಕಾಲಕ್ಕೆ ಅವರೂ ಕಾಳಿನ ವ್ಯಾಪಾರಿಯೇ. ನಲವತ್ತು ವರ್ಷ ಚೀಲ ಕೊಂಡು ಚೀಲ ಮಾರಿ, ಸಾಕು ಎನಿಸಿದ ದಿನ ಅಂಗಡಿಯ ಬಾಗಿಲು ಎಳೆದುಕೊಂಡು ಬಂದು, ಮಠದ ಹಿಂದಿನ ಎರಡು ಕೋಣೆಯಲ್ಲಿ ಕುಳಿತವರು. ಪೇಟೆಯ ಜನ ಅವರನ್ನು ಗುರುಗಳೇ ಎನ್ನುತ್ತಿದ್ದರು. ಅವರು ಬೇಡ ಎಂದಿರಲಿಲ್ಲ, ಆಗಲಿ ಎಂದೂ ಹೇಳಿರಲಿಲ್ಲ.

"ಬಿಡಿಸಿ ಹೇಳು," ಎಂದರು.

"ಈಗ ನಾನು ಯಾರಿಗೂ ಅಪ್ಪಣೆ ಮಾಡುವುದಿಲ್ಲ. ಯಾರನ್ನೂ ಗದರುವುದಿಲ್ಲ. ಎದುರಿಗೆ ಬಂದವನಿಗೆ ನಾನೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತೇನೆ. ಆದರೂ ನಾನು ಹೋದಲ್ಲಿ ಮಾತು ನಿಲ್ಲುತ್ತದೆ. ಇದರಲ್ಲಿ ತಪ್ಪು ಅವರದೋ ನನ್ನದೋ?"

ಮಹಾಂತಯ್ಯನವರು ತಪ್ಪು ಯಾರದೆಂದು ಹೇಳಲಿಲ್ಲ. ಒಂದು ಗೋದಾಮಿನ ಕತೆ ಹೇಳಿದರು.

ಊರ ಹೊರಗೆ ಒಂದು ದೊಡ್ಡ ಗೋದಾಮು ಇತ್ತು. ನಾಲ್ಕು ದಿಕ್ಕಿನ ಲಾರಿಗಳು ಅಲ್ಲಿಗೆ ಬರುತ್ತಿದ್ದವು. ಒಂದು ಲಾರಿಯ ಸರಕು ಅಲ್ಲಿ ಇಳಿದು, ಊರಿಗೊಂದು ಪಾಲಾಗಿ, ಬೇರೆ ಲಾರಿ ಏರಿ ಹೋಗುತ್ತಿತ್ತು. ಬೇಳೆ, ಸಕ್ಕರೆ, ಮೈದಾ, ಎಣ್ಣೆಯ ಡಬ್ಬಿ, ಔಷಧದ ಪೆಟ್ಟಿಗೆ. ಯಾವುದೂ ಅಲ್ಲಿ ಮೂರು ದಿನಕ್ಕಿಂತ ಹೆಚ್ಚು ಇರುತ್ತಿರಲಿಲ್ಲ. ಗೋದಾಮಿಗೆ ಒಬ್ಬ ಸಾಹುಕಾರ. ಚೀಲ ಹೊರಲು ಮೂವತ್ತು ಹಮಾಲರು. ಆ ಮೂವತ್ತು ಜನರ ಮೇಲೆ ಒಬ್ಬ ಮುಕಾದಮ, ಮೌಲಾಸಾಬ.

ಹಮಾಲರಲ್ಲಿ ಒಂದು ಪದ್ಧತಿ ಇತ್ತು. ಹೊರೆ ಹೊತ್ತವನಿಗೆ ದಾರಿ. ಬೆನ್ನ ಮೇಲೆ ಚೀಲ ಇದ್ದವನು ನಡುವೆ ನಡೆಯುತ್ತ "ಬಂತು, ಬಂತು" ಎನ್ನುತ್ತಾನೆ. ಬರಿಗೈಯಲ್ಲಿ ಎದುರು ಬಂದವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಚೀಲಗಳ ಅಟ್ಟಿಗೆ ಎದೆ ಕೊಟ್ಟು ನಿಲ್ಲುತ್ತಾನೆ. ಇದನ್ನು ಯಾರೂ ಬರೆದು ಅಂಟಿಸಿರಲಿಲ್ಲ. ಹೊಸಬ ಬಂದರೆ ಎರಡು ದಿನಕ್ಕೆ ಅವನ ಮೈಗೆ ತಾನಾಗಿ ಬರುತ್ತಿತ್ತು.

ಪದ್ಧತಿಗೆ ಕಾರಣ ಇತ್ತು. ಚೀಲ ಹೊತ್ತವನ ಕುತ್ತಿಗೆ ಬಾಗಿರುತ್ತದೆ. ತಲೆಯ ಮೇಲೆ ಗೋಣಿಯ ಕೊಪ್ಪೆ ಬೇರೆ. ಅವನಿಗೆ ಕಾಣುವುದು ಮುಂದಿನ ಎರಡು ಮೊಳ ನೆಲ ಮಾತ್ರ. ನಡೆಯುತ್ತಿರುವಾಗ ಚೀಲ ಹೇಗೋ ಬೆನ್ನಿನ ಜೊತೆ ಸಾಗಿಬಿಡುತ್ತದೆ. ನಡುವೆ ನಿಂತನೋ, ಅದೇ ಚೀಲ ಎರಡು ಚೀಲದಷ್ಟು ಭಾರವಾಗುತ್ತದೆ. ಹೊತ್ತವನನ್ನು ನಿಲ್ಲಿಸುವುದೂ ಅವನ ಮೊಣಕಾಲಿಗೆ ಹೊಡೆಯುವುದೂ ಒಂದೇ.

ಇದರ ಬಾಲವಾಗಿ ಇನ್ನೊಂದು ಮಾತಿತ್ತು. ಬರಿಗೈಯವನು "ಬಂತು" ಎಂದು ಕೂಗಬಾರದು. ಹೊರೆ ಇಲ್ಲದೆ ದಾರಿ ಕೇಳುವವನನ್ನು ಅವರು ದೊಡ್ಡಸ್ತಿಕೆಯವನು ಎನ್ನುತ್ತಿದ್ದರು. ಅಂಥವನ ಜೊತೆ ಯಾರೂ ಬುತ್ತಿ ಬಿಚ್ಚುತ್ತಿರಲಿಲ್ಲ.

ಆ ಮೂವತ್ತು ಜನರಲ್ಲಿ ಗದಿಗೆಪ್ಪ ಎಂಬವನಿದ್ದ. ಹದಿನೆಂಟು ವರ್ಷ ಚೀಲ ಹೊತ್ತವನು. ಚೀಲ ಎತ್ತಿ ಬೆನ್ನಿಗೇರಿಸಲು ಎರಡೂ ತುದಿಗೆ ಒಬ್ಬೊಬ್ಬ ಬೇಕು. ಗದಿಗೆಪ್ಪನ ಎದುರು ತುದಿಗೆ ಹದಿನೆಂಟು ವರ್ಷವೂ ಫಕ್ಕೀರಪ್ಪನೇ ಇದ್ದ. ಒಂದು ದಿನ ಗದಿಗೆಪ್ಪನ ಸೊಂಟ ಹಿಡಿಯಿತು. ಬಿಡಲಿಲ್ಲ. ಇನ್ನು ಚೀಲ ಮುಟ್ಟಿದರೆ ಕಾಲೇ ಏಳುವುದಿಲ್ಲ ಎಂದು ಡಾಕ್ಟರು ಹೇಳಿದರು.

ಅದೇ ವರ್ಷ ಸಾಹುಕಾರ ಫೋರ್ಕ್‌ಲಿಫ್ಟ್ ತರಿಸಿದ. ಮುಂದೆ ಎರಡು ಕಬ್ಬಿಣದ ತೋಳು, ಹಿಂದೆ ಭಾರ ತೂಗಲಿಕ್ಕೆ ಒಂದು ದೊಡ್ಡ ಕಬ್ಬಿಣದ ದಿಮ್ಮಿ, ನಡುವೆ ಸೀಟು. ಹಲಗೆಯ ಮಣೆಯ ಮೇಲೆ ಇಪ್ಪತ್ತು ಚೀಲ ಇಟ್ಟರೂ ಉಸ್ ಎನ್ನದೆ ಎತ್ತುತ್ತಿತ್ತು. ಅದನ್ನು ಓಡಿಸಲು ಸಾಹುಕಾರ ಹೊರಗಿನವನನ್ನು ತರಲಿಲ್ಲ. ಗದಿಗೆಪ್ಪನನ್ನು ಕರೆದ. ಅದು ಕರುಣೆಯೇನಲ್ಲ. ಗೋದಾಮಿನ ಮೂಲೆಮೂಲೆ ಕಣ್ಣು ಮುಚ್ಚಿ ಹೇಳಬಲ್ಲವನು ಮನೆಯಲ್ಲೇ ಇರುವಾಗ ಮೂಲೆ ಗೊತ್ತಿಲ್ಲದವನನ್ನು ಯಾಕೆ ತರಬೇಕು ಎಂಬುದು ಅವನ ಲೆಕ್ಕ. ಒಂದು ತಿಂಗಳು ಕಲಿಯಲು ಕಳಿಸಿದ. ಗದಿಗೆಪ್ಪ ಕಲಿತ, ಪರೀಕ್ಷೆ ಕೊಟ್ಟ, ಲೈಸೆನ್ಸ್ ಹಿಡಿದು ಬಂದ. ಆ ಸೀಟು ಸಿಕ್ಕಿತು, ಮನೆಯ ಒಲೆ ಉರಿಯಿತು. ಸೀಟು ಹೋದರೆ ಅವನಿಗೆ ಬೇರೆ ಕೆಲಸವಿಲ್ಲ. ಅದು ಅವನಿಗೂ ಗೊತ್ತು, ಉಳಿದವರಿಗೂ ಗೊತ್ತು.

ಸಾಹುಕಾರ ಮಾಡಬೇಕಾದುದನ್ನೆಲ್ಲ ಮಾಡಿದ. ನೆಲದ ಮೇಲೆ ಹಳದಿ ಗೆರೆ ಎಳೆಸಿದ: ಗೆರೆಯ ಈ ಕಡೆ ಜನ, ಆ ಕಡೆ ಮಿಷನ್. ಮೂಲೆಗೆ ಕನ್ನಡಿ ಹಾಕಿಸಿದ. ಮಿಷನ್ನಿಗೆ ಕೆಂಪು ದೀಪ ಕಟ್ಟಿಸಿದ. ಹೆಬ್ಬಾಗಿಲಿಗೆ ಬೋರ್ಡು ಬರೆಸಿದ. ಬೋರ್ಡಿನಲ್ಲಿ ಹನ್ನೊಂದು ಮಾತಿದ್ದವು. ಹಮಾಲರು ಅದರ ಕೆಳಗೆ ಚಪ್ಪಲಿ ಬಿಡುತ್ತಿದ್ದರು.

ಗದಿಗೆಪ್ಪ ಮಿಷನ್ ಏರಿದ. ಮೈ ಮಾತ್ರ ಹಮಾಲನದೇ. ತೋಳುಗಳ ಮೇಲೆ ಹೊರೆ ಇದ್ದರೆ ಹಾರ್ನ್ ಒತ್ತಿ ನಡುವೆ ಬರುತ್ತಿದ್ದ. ಹೊರೆ ಇಳಿಸಿ ಖಾಲಿ ಬರುವಾಗ ಹಾರ್ನ್ ಮುಟ್ಟುತ್ತಿರಲಿಲ್ಲ. ಚೀಲ ಹೊತ್ತವನು ಎದುರಾದರೆ ತಾನೇ ಸ್ಟೀರಿಂಗ್ ಚಕ್ರ ತಿರುಗಿಸಿ, ಎರಡು ಅಟ್ಟಿಗಳ ನಡುವಿನ ಸಂದಿಗೆ ಮಿಷನ್ನಿನ ಮೂತಿ ತೂರಿಸಿ, ಅವನಿಗೆ ದಾರಿ ಬಿಡುತ್ತಿದ್ದ. ಅದನ್ನು ನೋಡಿ ಹಮಾಲರ ಎದೆ ತುಂಬುತ್ತಿತ್ತು. "ಮಿಷನ್ ಏರಿದ್ರೂ ನಮ್ಮ ಗದಿಗೆಪ್ಪ ನಮ್ಮಾಂವನ," ಎನ್ನುತ್ತಿದ್ದರು. ಈ ಮಾತು ಅವನ ಕಿವಿಗೆ ಬೀಳುತ್ತಿತ್ತು. ಬಿದ್ದಾಗಲೆಲ್ಲ ಇನ್ನೊಂದು ಮೊಳ ಹೆಚ್ಚು ಸರಿದು ದಾರಿ ಬಿಡುತ್ತಿದ್ದ.

ಒಂದು ವರ್ಷ ಹೀಗೇ ನಡೆಯಿತು. ಒಂದು ಮುಂಜಾನೆ ಬೇಳೆಯ ಲಾರಿ ಬಂತು. ಫಕ್ಕೀರಪ್ಪ ಚೀಲ ಹೊತ್ತು ಬರುತ್ತಿದ್ದ. ಎದುರಿನಿಂದ ಗದಿಗೆಪ್ಪ ಖಾಲಿ ಬರುತ್ತಿದ್ದ. ಗೆಳೆಯನ ಬಾಗಿದ ತಲೆ ಕಂಡಿತು, "ಬಂತು" ಎನ್ನುವ ದನಿ ಕೇಳಿತು. ಎಂದಿನಂತೆ ಚಕ್ರವನ್ನು ಬಲಕ್ಕೆ ತಿರುಗಿಸಿ ಸಂದಿಗೆ ಮೂತಿ ಕೊಟ್ಟ. ಎಡಗಡೆ ಏನೋ ತಗುಲಿದ ಸದ್ದಾಯಿತು. ಬೇಳೆ ನೆಲದ ಮೇಲೆ ಸುರಿಯುವ ಸದ್ದೂ ಕೇಳಿತು.

ಮಿಷನ್ನಿನ ಹಿಂಭಾಗದ ದಿಮ್ಮಿ ಹೊರಳಿ ಬಂದು ಫಕ್ಕೀರಪ್ಪನನ್ನು ಅಟ್ಟಿಗೆ ಒತ್ತಿತ್ತು. ಬೆನ್ನಿನ ಚೀಲ ನಡುವೆ ಸಿಕ್ಕಿ ಒಡೆಯಿತು, ಅದರಿಂದ ಬೆನ್ನು ಉಳಿಯಿತು. ಪಾದ ಉಳುಕಿತು. ಗಾಲಿ ಅವನ ಹೆಬ್ಬೆರಳಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತ್ತು. ಹಳದಿ ಗೆರೆಯ ಒಳಗೇ, ಜನ ನಡೆಯುವ ಕಡೆಗೇ ನಿಂತಿತ್ತು.

ಎಲ್ಲರೂ ಸೇರಿದರು. ಮುಕಾದಮ ಕೇಳಿದ: "ಗದಿಗೆಪ್ಪ, ಅಂವ ಬರೂದು ನೋಡಿದ್ಯೋ ಇಲ್ಲೋ?"

"ನೋಡಿದ್ನಿ ಕಾಕಾ. ನೋಡೇ ಸರದ್ನಿ."

ಸಾಹುಕಾರ ಕೇಳಿದ: "ಹಾರ್ನ್ ಯಾಕ ಹೊಡೀಲಿಲ್ಲ?"

"ಖಾಲಿ ಇತ್ರಿ, ಸಾವ್ಕಾರ್ರ. ಖಾಲಿ ಇದ್ದಾಗ ಹೆಂಗ ಹೊಡೀಲಿ?"

ಮೂವತ್ತು ತಲೆ ಹೌದು ಎಂಬಂತೆ ಆಡಿದವು. ಅವರಿಗೆ ಆ ಉತ್ತರ ಸರಿಯಾಗಿಯೇ ಇತ್ತು. ಸಾಹುಕಾರ ಒಬ್ಬನಿಗೇ ಅದು ತಿಳಿಯಲಿಲ್ಲ.

ತಿಳಿಯದ ಸಾಹುಕಾರರು ಏನು ಮಾಡುತ್ತಾರೋ ಅವನೂ ಅದನ್ನೇ ಮಾಡಿದ. ಹೊರೆ ಇರಲಿ, ಬಿಡಲಿ, ಹಾರ್ನ್ ಒತ್ತುತ್ತಲೇ ಇರಬೇಕು ಎಂದ. ಗದಿಗೆಪ್ಪ ಒತ್ತಿದ. ಹಾರ್ನ್ ಕೇಳಿದವರು ಮಿಷನ್ನಿನ ಮೇಲೆ ಹೊರೆ ಇದೆ ಎಂದುಕೊಂಡರು. ಹೊರೆ ಹೊತ್ತ ಹಮಾಲ ಹೊರೆಯ ಮಿಷನ್ನಿಗೆ ದಾರಿ ಬಿಡಬೇಕೋ, ಮಿಷನ್ನೇ ಬಿಡಬೇಕೋ? ಪದ್ಧತಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಮಿಷನ್ ತಡೆದು ನಿಂತಿತು, ಬೆನ್ನ ಮೇಲೆ ಚೀಲ ಇಟ್ಟುಕೊಂಡೇ ಅವರೂ ನಡುವೆ ನಿಂತರು. ಹತ್ತಿರ ಹೋಗಿ ನೋಡಿದರೆ ತೋಳು ಬರಿದು. ಆಗ ಬಾಯಿಗೆ ಬಂದದ್ದು ಬೈದರು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಯಾರ ಕಿವಿಯೂ ಹಾರ್ನ್‌ಗೆ ತಿರುಗಲಿಲ್ಲ. ಮದುವೆಮನೆಯ ಓಲಗವೂ ಅಷ್ಟೇ, ಸ್ವಲ್ಪ ಹೊತ್ತಾದ ಮೇಲೆ ಊಟ ಮಾಡುವವರಿಗೆ ಕೇಳಿಸುವುದಿಲ್ಲ.

ಮೂರನೆಯ ದಿನ ಮೌಲಾಸಾಬ ಸಾಹುಕಾರನ ಎದುರು ನಿಂತ.

"ಸಾವ್ಕಾರ್ರ, ನನ್ನ ಮಂದಿ ಮೂವತ್ತು, ಕಾಲು ಅರವತ್ತು. ಅರವತ್ತೂ ನನಗ ಬೇಕು. ಮಿಷನ್ ಒಳಗ ಇದ್ರ ನಾವು ಹೊರಗ."

"ಗದಿಗೆಪ್ಪ ನಿಮ್ಮಾಂವಲ್ಲೇನು?"

"ನಮ್ಮಾಂವನ. ಅದಕ್ಕ ಯಾರೂ ಅವನ ಮ್ಯಾಲೆ ಕೈ ಎತ್ತಿಲ್ಲ."

ಸಾಹುಕಾರ ಯೋಚಿಸಿದ. ಮಿಷನ್ ಇಲ್ಲದೆ ಗೋದಾಮು ನಡೆದಿತ್ತು, ಮುಂದೂ ಹೇಗೋ ನಡೆದೀತು. ಹಮಾಲರಿಲ್ಲದೆ ಒಂದು ದಿನವೂ ನಡೆಯದು. ಗದಿಗೆಪ್ಪನನ್ನು ಕರೆದು ಹೇಳಿದ: "ಎಂಟು ದಿನ. ಅಲ್ಲೀತನಕ ಮಿಷನ್ ಹಿಂದಿನ ಶೆಡ್ಡಿನಾಗ ಇರಲಿ, ಅಲ್ಲಿ ಯಾರೂ ಕಾಲಿಡೂದಿಲ್ಲ. ಇದು ಯಾಕ ಆತು, ಮತ್ತ ಹೆಂಗ ಆಗೂದಿಲ್ಲ, ಎರಡೂ ಹೇಳಿದ್ರ ಮಿಷನ್ ಉಳೀತದ. ಇಲ್ಲಂದ್ರ ತಂದಲ್ಲಿಗೇ ವಾಪಸ್ ಕಳಸ್ತೀನಿ."

ಮಿಷನ್ ಹೋದರೆ ನೀನು ಏನು ಮಾಡುತ್ತೀ ಎಂದು ಅವನು ಕೇಳಲಿಲ್ಲ.

ವಿರೂಪಣ್ಣ ನಡುವೆ ಬಾಯಿ ಹಾಕಿದ. "ಗುರುಗಳೇ, ಕಲಿಸಿದವರು ಅವನಿಗೆ ಹೇಳಿರಲಿಲ್ಲವೇ, ಮಿಷನ್ನಿನ ಹಿಂಭಾಗ ಹೊರಳುತ್ತದೆ ಎಂದು?"

"ಹೇಳಿದ್ದರು. ಅವನು ಪರೀಕ್ಷೆಯಲ್ಲಿ ಬರೆದೂ ಇದ್ದ. ಬರೆದದ್ದು ಕಾಗದದಲ್ಲಿತ್ತು, ಸರಿಯುವುದು ಮೈಯಲ್ಲಿತ್ತು," ಎಂದು ಮಹಾಂತಯ್ಯನವರು ಕತೆ ಮುಂದುವರಿಸಿದರು.

ಮೊದಲ ಮೂರು ದಿನ ಗದಿಗೆಪ್ಪ ಶೆಡ್ಡಿನಲ್ಲಿ ಮಿಷನ್ ಒರೆಸುತ್ತ ಕುಳಿತ. ಬ್ರೇಕ್ ನೋಡಿದ, ಸರಿಯಿತ್ತು. ಗಾಲಿ ನೋಡಿದ, ಸರಿಯಿತ್ತು. ತನ್ನ ಕಣ್ಣು, ತನ್ನ ಕೈ, ಎಲ್ಲ ಸರಿಯಿದ್ದವು. ಗೆಳೆಯನನ್ನು ಕಂಡದ್ದೂ ಸರಿ, ಅವನಿಗೆ ದಾರಿ ಬಿಟ್ಟದ್ದೂ ಸರಿ. ಎಲ್ಲವೂ ಸರಿಯಿದ್ದು ಗೆಳೆಯ ನೆಲಕ್ಕೆ ಬಿದ್ದಿದ್ದ. ಇದು ಅವನ ತಲೆಯನ್ನು ತಿನ್ನುತ್ತಿತ್ತು.

ನಾಲ್ಕನೆಯ ದಿನ ಫಕ್ಕೀರಪ್ಪ ಕುಂಟುತ್ತ ಬಂದ. ಪಾದಕ್ಕೆ ಬಟ್ಟೆ ಸುತ್ತಿದ್ದ. ಚೀಲ ಹೊರುವಂತಿರಲಿಲ್ಲ, ಮನೆಯಲ್ಲಿ ಕುಳಿತರೆ ಬೇಸರ. ಶೆಡ್ಡಿನ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಎಲೆ ಅಡಿಕೆ ಬಿಚ್ಚಿದ.

"ಏನಲೇ ಗದಿಗ್ಯಾ, ಮಿಷನ್ನಿಗೆ ಮೈ ತಿಕ್ಕಿ ಜಳಕಾ ಮಾಡಸಾಕತ್ತೀ ಏನ?"

"ನಿನಗ ಹೆಂಗ ಬಡೀತು ಅನ್ನೂದು ತಿಳೀವಲ್ತು."

"ಬಡಿಸಿಕೊಂಡಾಂವ ನಾನು. ನನ್ನ ಕೇಳಬೇಕಿಲ್ಲೋ?"

"ಹೇಳು ಮತ್ತ."

"ನಾ ನೆಲಾ ನೋಡಾಕತ್ತಿದ್ನಿ. ನಿನ್ನ ಗಾಲಿ ಆ ಕಡೆ ಹೋತು. ದಾರಿ ಬಿಟ್ಟಾ ಅಂತ ನಾ ಮುಂದ ಬಂದ್ನಿ. ಆಮ್ಯಾಲೆ ನಿನ್ನ ಮಿಷನ್ನ ಮೈಮ್ಯಾಲೆ ಬಂತು."

ಗದಿಗೆಪ್ಪ ಒಳಗೆ ಹೋಗಿ, ಹರಿದು ಬದಿಗಿಟ್ಟಿದ್ದ ಮೈದಾದ ಚೀಲವೊಂದನ್ನು ಎಳೆದು ತಂದ. ಶೆಡ್ಡಿನ ನೆಲದ ತುಂಬ ಮೈದಾ ಚೆಲ್ಲಿ ಪೊರಕೆಯಿಂದ ತೆಳ್ಳಗೆ ಹರಡಿದ. ಹಸಿ ಗೋಣಿಯ ತುಂಡೊಂದನ್ನು ದಿಮ್ಮಿಯ ಎಡಮೂಲೆಗೆ ನೆಲ ತಾಗುವಂತೆ ಕಟ್ಟಿದ.

"ರಂಗೋಲಿ ಹಾಕಾಕತ್ತಿ ಏನ? ಅರಿಷಿಣ ಕುಂಕುಮ ತರಲೇನು?" ಎಂದ ಫಕ್ಕೀರಪ್ಪ.

ಗದಿಗೆಪ್ಪ ಮಿಷನ್ ಏರಿ, ಮೈದಾದ ಮೇಲೆ ನೇರ ಬಂದು, ಅಂದಿನಂತೆಯೇ ಬಲಕ್ಕೆ ಸರಿದು ನಿಂತ. ಇಳಿದು ನೋಡಿದ. ಮುಂದಿನ ಗಾಲಿಯ ಗುರುತು ಒಳ್ಳೆಯ ಮನುಷ್ಯನ ಹಾಗೆ ಬಲಕ್ಕೆ ಹೋಗಿತ್ತು. ಗೋಣಿಯ ಗುರುತು ಎಡಕ್ಕೆ ಹೊಟ್ಟೆ ಉಬ್ಬಿಸಿಕೊಂಡು ಹೊರಗೆ ಬಂದಿತ್ತು. ಉಬ್ಬು ಎರಡು ಮೊಳ ಇತ್ತು.

ಫಕ್ಕೀರಪ್ಪ ಕಟ್ಟೆ ಇಳಿದು, ಕುಂಟುತ್ತ ಹೋಗಿ, ಅಂದು ತಾನು ಎಲ್ಲಿದ್ದೆನೆಂದು ಅಂದಾಜು ಮಾಡಿ ನಿಂತ. ಅವನ ಬಟ್ಟೆ ಸುತ್ತಿದ ಪಾದ ಗೋಣಿ ಎಳೆದ ಆ ಗುರುತಿನ ಮೇಲೆ ಕುಳಿತಿತು.

"ಲೇ ತಮ್ಮಾ," ಎಂದ, "ಮುಖ ಸರಸಿ ನನಗ ದಾರಿ ಬಿಟ್ಟಿ, ಕುಂಡಿಲೆ ಬಡದಿ."

ಗದಿಗೆಪ್ಪ ನಗಲಿಲ್ಲ. ಮತ್ತೆ ಮಿಷನ್ ಏರಿದ. ಕಡಿಮೆ ಸರಿದ: ಉಬ್ಬು ಒಂದು ಮೊಳ. ಹೆಚ್ಚು ಸರಿದ: ಉಬ್ಬು ಎರಡೂವರೆ ಮೊಳ. ಇರುವೆಯ ಹಾಗೆ ನಿಧಾನಕ್ಕೆ ಸರಿದ, ಉಬ್ಬು ಇದ್ದಷ್ಟೇ ಇತ್ತು. ಈ ಮಿಷನ್ನಿನಲ್ಲಿ ತಿರುಗುವುದು ಹಿಂದಿನ ಗಾಲಿಗಳು. ಮನುಷ್ಯ ಸರಿದರೆ ಮೈ ಎಲ್ಲ ಒಟ್ಟಿಗೆ ಸರಿಯುತ್ತದೆ. ಇದು ಮುಂದೆ ಎಷ್ಟು ಸೌಜನ್ಯ ತೋರಿಸುತ್ತದೋ ಹಿಂದೆ ಅಷ್ಟೇ ಜಾಗ ಕಸಿಯುತ್ತದೆ. ಒಂದು ವರ್ಷ ಅದರ ಮೇಲೆ ಕುಳಿತವನು ಅದರ ಬೆನ್ನನ್ನು ಅಂದೇ ಮೊದಲು ನೋಡಿದ. ಹೊಗಳಿಸಿಕೊಂಡ ದಿನಗಳೆಲ್ಲ ನೆನಪಾದವು. ಎಷ್ಟು ಬೆನ್ನುಗಳು ಎಷ್ಟು ಬೆರಳಿನ ಅಂತರದಲ್ಲಿ ಉಳಿದಿದ್ದವೋ.

"ಇನ್ನೊಮ್ಮೆ ಬರ್ತೀನಿ, ನೋಡ್ತಿರು," ಎಂದ.

ಐದನೆಯ ಸಲ ನೇರ ಬಂದ. ಚಕ್ರ ತಿರುಗಿಸಲಿಲ್ಲ, ನಿಂತುಬಿಟ್ಟ. ತೋಳುಗಳನ್ನು ನೆಲಕ್ಕೆ ಇಳಿಸಿದ. ಎರಡೂ ಕೈ ಮೇಲೆತ್ತಿದ. ಇಳಿದು ಹಿಂದೆ ಹೋಗಿ ನೋಡಿದರೆ ಗೋಣಿಯ ಗುರುತು ದಾರ ಹಿಡಿದ ಹಾಗೆ ನೇರ ಇತ್ತು. ಎಲ್ಲೂ ಉಬ್ಬಿರಲಿಲ್ಲ.

ಮರುದಿನ ಮೌಲಾಸಾಬನನ್ನು ಕರೆತಂದು ಮೈದಾ ತೋರಿಸಿ ಹೇಳಿದ: "ಕಾಕಾ, ಇನ್ನ ಮ್ಯಾಲೆ ನಾ ಸರಿಯೂದಿಲ್ಲ. ನಡಕೊಂತ ಬರೋ ಮನಷಾ ಕಂಡಾ ಅಂದ್ರ ನಿಲ್ತೀನಿ. ತೋಳು ಕೆಳಗ ಇಳಸ್ತೀನಿ, ಕೈ ಎತ್ತತೀನಿ. ನಿಮ್ಮ ಮಂದಿ ನನ್ನ ಕೈ ನೋಡೋತನಕ ದೂರ ಇರಬೇಕು, ಬಾಜೂಕ ಬರಬಾರದು. ಕೈ ಮ್ಯಾಲೆದ್ದ ಮ್ಯಾಲೆ ದಾಟಬೇಕು. ಎಲ್ಲಾರೂ ದಾಟಿದ ಮ್ಯಾಲೆ ಕೈ ಕೆಳಗ."

"ತಲಿ ಬಾಗಿಸಿ ಬರಾಂವಗ ನಿನ್ನ ಕೈ ಹೆಂಗ ಕಾಣ್ತದ?"

"ಕಾಣೂದಿಲ್ಲ. ಅಂಥಾಂವ ಬಂದ್ರ ಅಂವ 'ಬಂತು' ಅನ್ನೂದರಾಗ ನಾ ನಿಂತಿರ್ತೀನಿ. ತೋಳು ನೆಲಕ್ಕ ಬಡದ ಸಪ್ಪಳಾ ಅಂವಗ ಕೇಳ್ತದ."

ಮುಕಾದಮ ತಲೆ ಆಡಿಸಿದ. ಆದರೂ ಇನ್ನೊಂದು ಮಾತು ಕೇಳಿದ. "ನಿನ್ನ ಮಿಷನ್ನಿನ ಮ್ಯಾಲೆ ಇಪ್ಪತ್ತು ಚೀಲ ಇದ್ದಾಗ? ಎದುರಿಗೆ ಒಬ್ಬ ಬರಿಗೈಲೆ ಬೀಡಿ ಸೇದಾಕ ಹೊಂಟಿರ್ತಾನ. ಅವನ ಮುಂದೂ ನಿಲ್ತೀಯೇನು? ಹೊರೆ ಬರಿಗೈಗೆ ನಿಲ್ಲೂದು ಎಲ್ಲ್ಯರ ಐತಿ? ಮಂದಿ ನಗತಾರ."

"ಕಾಕಾ, ಹೊತ್ತಾಂವ ಯಾಕ ನಿಲ್ಲಬಾರದು ಅಂತ ನೀನ ಕಲಿಸಿದ್ದಿ."

"ನಿಂತರ ಮೊಣಕಾಲು ಹೋಗ್ತಾವು."

"ನನ್ನ ಮೊಣಕಾಲಿಗೆ ಏನಾಗ್ತದ? ನಾ ಕುಂತೀನಿ."

ಮೌಲಾಸಾಬ ಅವನ ಮೊಣಕಾಲು ನೋಡಿದ. ಮಿಷನ್ನಿನ ಗಾಲಿ ನೋಡಿದ. ನಿಂತರೆ ನೋಯುವವನಿಗೆಂದು ಮಾಡಿದ ಪದ್ಧತಿಯನ್ನು ನಿಂತರೂ ನೋಯದ ಕಬ್ಬಿಣಕ್ಕೆ ಒಂದು ವರ್ಷ ಕೊಟ್ಟಿದ್ದೆವಲ್ಲ ಎಂದು ಅವನಿಗೆ ಹೊಳೆಯಿತು. "ಎಂಟನೇ ದಿನ ಅರ್ಧ ದಿವಸ ನಡಸಿ ನೋಡೂಣು," ಎಂದಷ್ಟೇ ಹೇಳಿ ಹೋದ.

ಎಂಟನೆಯ ದಿನ ಬಂತು. ಹಮಾಲರೂ ಮಿಷನ್ನೂ ಒಂದೇ ಸೂರಿನ ಕೆಳಗೆ ಸೇರಿದರು. ಗದಿಗೆಪ್ಪ ಒಬ್ಬನನ್ನು ಕಂಡು ನಿಂತ, ತೋಳು ಇಳಿಸಿದ, ಕೈ ಎತ್ತಿದ. ಇನ್ನೊಬ್ಬನನ್ನು ಕಂಡು ಮತ್ತೆ ನಿಂತ. ಹಮಾಲರಿಗೆ ಇದು ತಮಾಷೆಯಾಯಿತು. "ಗದಿಗೆಪ್ಪಣ್ಣಾ, ಸಿಗ್ನಲ್ ಬಿತ್ತೇನೋ?" ಎಂದ ಒಬ್ಬ. "ಪೊಲೀಸ್ರು ಹಿಡದ್ರ ಕೈ ಎತ್ತಿದಂಗ ಎತ್ತತಾನಲ್ಲೋ," ಎಂದ ಇನ್ನೊಬ್ಬ. ಬೇಕೆಂದೇ ಮೂರು ಸಲ ಅಡ್ಡ ದಾಟಿದವನೂ ಇದ್ದ. ಮೂರು ಸಲವೂ ಗದಿಗೆಪ್ಪ ನಿಂತ. ಅವನ ಮೈ ಮಾತ್ರ ಕೇಳುತ್ತಿರಲಿಲ್ಲ. ಪ್ರತಿ ಸಲವೂ ಬಲಗೈ ಚಕ್ರವನ್ನು ಬಲಕ್ಕೆ ಎಳೆಯಲು ಹೋಗುತ್ತಿತ್ತು. ಅದಕ್ಕೇ ಕೈಗಳನ್ನು ಮೇಲೆತ್ತುತ್ತಿದ್ದ. ಹಮಾಲರಿಗೆ ಅದು ಗುರುತು, ಅವನಿಗೆ ಅದು ತನ್ನ ಕೈ ಕಟ್ಟಿಹಾಕುವ ಉಪಾಯ.

ಹನ್ನೊಂದು ಗಂಟೆಗೆ ಸಾಹುಕಾರ ಬಂದ. ಒಂದು ಲಾರಿ ತಡವಾಗಿ ಹೊರಟಿದ್ದನ್ನು ನೋಡಿದ. ಹುಬ್ಬು ಗಂಟಾಯಿತು. ಗದಿಗೆಪ್ಪ ಎಣ್ಣೆಯ ಡಬ್ಬಿಗಳ ಹೊರೆ ಎತ್ತಿಕೊಂಡು ಬರುತ್ತಿದ್ದಾಗ ಸಾಹುಕಾರ ಹಳದಿ ಗೆರೆ ದಾಟಿ, ಮಿಷನ್ನಿನ ದಾರಿಯ ನಡುವೆಯೇ ಹೋಗಿ ನಿಂತ. ಬೇಕೆಂದೇ ಬೆನ್ನು ತಿರುಗಿಸಿ ಕಿವಿ ಕೆರೆದುಕೊಂಡ.

ಗದಿಗೆಪ್ಪನ ಎದುರಿಗೆ ನಿಂತವನು ಅನ್ನ ಕೊಡುವವನು. ಸಾಹುಕಾರ ದಾರಿಗೆ ಬಂದರೆ ಹಮಾಲನ ಮೈ ಹೇಗೆ ಸರಿಯುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಬಲಗಡೆ ಸಂದಿ ಖಾಲಿ ಇತ್ತು. ಸರಿದು ಹೋಗಿದ್ದರೆ ಮರ್ಯಾದೆ, ನಿಂತರೆ ಸಾಹುಕಾರನ ಎದುರು ಅಡ್ಡ ನಿಂತ ಹಾಗೆ. ಇನ್ನೊಂದು ಲಾರಿಯೂ ಕಾಯುತ್ತಿತ್ತು.

ನಿಂತ. ತೋಳು ನೆಲ ಮುಟ್ಟಿ ಠಣ್ ಎಂದಿತು. ಕೈ ಮೇಲೆತ್ತಿದ.

ಸಾಹುಕಾರ ತಿರುಗಿ ನೋಡಿದ. ಹೋಗಲಿಲ್ಲ. ಗದಿಗೆಪ್ಪನೂ ಅಲುಗಲಿಲ್ಲ. ಆಗ ಮಿಷನ್ನಿನ ಹಿಂದಿನಿಂದ "ಬಂತು, ಬಂತು" ಎಂಬ ದನಿ ಬಂತು. ಸಕ್ಕರೆಯ ಚೀಲ ಹೊತ್ತ ಹಮಾಲನೊಬ್ಬ ಗೆರೆಯ ಒಳಗೇ ತಲೆ ಬಾಗಿಸಿ ಬಂದ. ದಿಮ್ಮಿಯ ಎಡಮೂಲೆಗೆ ಒಂದು ಗೇಣು ದೂರದಲ್ಲಿ ಹಾದು, ಸಾಹುಕಾರನನ್ನೂ ದಾಟಿ ಹೋದ. ಯಾರಿದ್ದಾರೆ, ಯಾರು ನಿಂತಿದ್ದಾರೆ, ಅವನಿಗೆ ಯಾವುದೂ ಗೊತ್ತಿರಲಿಲ್ಲ.

ಸಾಹುಕಾರ ಬಲಗಡೆಯ ಖಾಲಿ ಸಂದಿಯನ್ನು ನೋಡಿದ. ದಿಮ್ಮಿಯ ಮೂಲೆಯನ್ನು ನೋಡಿದ. ಹೋಗುತ್ತಿದ್ದ ಹಮಾಲನ ಬೆನ್ನನ್ನು ನೋಡಿದ. ತನಗೆ ಗದಿಗೆಪ್ಪ ದಾರಿ ಬಿಟ್ಟಿದ್ದರೆ ಆ ಬೆನ್ನು ಎಲ್ಲಿರುತ್ತಿತ್ತು ಎಂದು ಅಂದಾಜು ಮಾಡಲು ಅವನಿಗೆ ಮೈದಾ ಬೇಕಾಗಲಿಲ್ಲ. ವ್ಯಾಪಾರಿ, ಅಂದಾಜೇ ಅವನ ಕಸುಬು.

ಗೆರೆಯ ಈ ಕಡೆ, ಜನರ ಕಡೆಗೆ ಬಂದು ನಿಂತು ಹೇಳಿದ: "ಮೌಲಾಸಾಬ, ಅರ್ಧಾ ದಿವಸ ಅಂದಿದ್ರಿ. ಪೂರ್ತಿ ಮಾಡ್ರಿ."

"ಲಾರಿ ತಡಾ ಆಗತಾವ್ರಿ," ಎಂದ ಮುಕಾದಮ.

"ಕಾಯ್ಲಿ. ಅವೂ ಕುಂತಾಂವ್ರ ಗಾಡಿನ ಅಲ್ಲೇನು?"

ಹೀಗೆ ಮಿಷನ್ ಉಳಿಯಿತು, ಸೀಟೂ ಉಳಿಯಿತು. ಸಾಹುಕಾರ ಹನ್ನೊಂದು ಮಾತಿನ ಬೋರ್ಡು ಇಳಿಸಿ ಎರಡು ಮಾತಿನ ಬೋರ್ಡು ಹಾಕಿಸಿದ: ಮಿಷನ್ ನಿಲ್ಲುತ್ತದೆ. ಕೈ ನೋಡಿ ದಾಟಿ. ಫಕ್ಕೀರಪ್ಪನ ಕಾಲು ನೆಟ್ಟಗಾಯಿತು. ಅವನಿಗೆ ಎದುರು ತುದಿಗೆ ಖಾಯಂ ಆಗಿ ಬೇರೊಬ್ಬ ಸಿಕ್ಕಿದ. ಲಾರಿಗಳ ತಡ ತಿಂಗಳೊಳಗೆ ಕರಗಿಹೋಯಿತು. ನಿಲ್ಲುವುದು ರೂಢಿಯಾದ ಮೇಲೆ ಯಾರು ಎತ್ತ ಹೋಗುತ್ತಾರೆಂಬ ಗೊಂದಲ ತಪ್ಪಿತ್ತು.

ಒಂದು ಮಾತ್ರ ಬದಲಾಯಿತು. ಮಿಷನ್ ಏರಿದರೂ ನಮ್ಮವನೇ ಎಂದು ಗದಿಗೆಪ್ಪನನ್ನು ಈಗ ಯಾರೂ ಹೊಗಳುತ್ತಿರಲಿಲ್ಲ. ಅವನು ನಿಂತದ್ದನ್ನು ಒಮ್ಮೆ ನೋಡಿ, ಆಮೇಲೆ ಅವನು ಇದ್ದಾನೆಂಬುದನ್ನೇ ಮರೆತು, ಯಾರ ಮನೆಯ ಬುತ್ತಿಯಲ್ಲಿ ಇಂದು ಏನು ಪಲ್ಯ ಎಂದು ಮಾತಾಡುತ್ತ ಅವನ ಎದುರೇ ದಾಟಿ ಹೋಗುತ್ತಿದ್ದರು. ಗದಿಗೆಪ್ಪ ಕೈ ಎತ್ತಿ ಕುಳಿತು ಆ ಮಾತು ಕೇಳಿಸಿಕೊಳ್ಳುತ್ತಿದ್ದ. ಹದಿನೆಂಟು ವರ್ಷ ಅವರ ಜೊತೆ ನಡೆದಾಗಲೂ ಇಷ್ಟು ಮಾತು ಕೇಳಿರಲಿಲ್ಲ. ಅವನಿಗೆ ಸುಖವಾಗಿತ್ತು.

ಮಹಾಂತಯ್ಯನವರು ಕತೆ ಮುಗಿಸಿ, ಪಕ್ಕದ ತಂಬಿಗೆಯಿಂದ ನೀರು ಕುಡಿದರು.

ವಿರೂಪಣ್ಣನ ಮುಖ ಅರಳಿತ್ತು. ತನ್ನ ಪ್ರಶ್ನೆಗೆ ತಾನು ಬಯಸಿದ ಉತ್ತರವೇ ಸಿಕ್ಕಿತೆಂದು ಅವನಿಗೆ ಅನಿಸಿತು.

"ಚೆನ್ನಾಗಿ ಹೇಳಿದಿರಿ ಗುರುಗಳೇ. ದೊಡ್ಡವನೇ ಮೊದಲು ದಾರಿ ಬಿಡಬೇಕು. ನಾನೂ ಅದನ್ನೇ ಮಾಡುತ್ತಿದ್ದೇನೆ. ಮೊನ್ನೆ ಸಂಘದ ಸಭೆಗೆ ಹೋದಾಗ ಮುಂದಿನ ಸಾಲಿನಲ್ಲಿ ನನಗೆ ಕುರ್ಚಿ ಹಾಕಿದ್ದರು. ಹೊಸ ಅಧ್ಯಕ್ಷ ಮಾತಿಗೆ ಎದ್ದು ನಿಂತ. ಇದು ಅವನ ಸಭೆ, ನಾನು ಮುಂದೆ ಇರಬಾರದು ಎಂದುಕೊಂಡು ಎದ್ದು, ಎಲ್ಲರ ನಡುವೆ ಹಾದು, ಕೊನೆಯ ಬೆಂಚಿಗೆ ಹೋಗಿ ಕುಳಿತುಬಿಟ್ಟೆ."

"ಉಳಿದವರು?"

"ಅವರೇನು ಕೇಳುತ್ತಾರೆಯೇ? ಅಷ್ಟೂ ಜನ ಕುರ್ಚಿ ತಿರುಗಿಸಿಕೊಂಡು ನನ್ನ ಕಡೆಗೇ ಮುಖ ಮಾಡಿ ಕುಳಿತರು," ಎಂದು ವಿರೂಪಣ್ಣ ನಕ್ಕ.

ಮಹಾಂತಯ್ಯನವರು ತಂಬಿಗೆ ಕೆಳಗಿಟ್ಟು ಕೇಳಿದರು: "ಆ ಹೊಸ ಅಧ್ಯಕ್ಷ ಅಂದು ಯಾರ ಮುಖ ನೋಡಿ ಮಾತಾಡಿದ?"